ಕ್ಯಾಲಿಫೋರ್ನಿಯಾದಲ್ಲಿ ದುಡಿದವರು ನಿವೃತ್ತಿಗೆ ಟೆಕ್ಸಾಸ್‌ಗೆ ಹೋದರೆ ತೆರಿಗೆ ಉಳಿಯುತ್ತದೆಯೇ?

ರಾಜ್ಯದ ಆದಾಯ ತೆರಿಗೆ ಉಳಿಯುತ್ತದೆ. ಕೇಂದ್ರದ ತೆರಿಗೆ ಎಲ್ಲಿ ಹೋದರೂ ಬೆನ್ನು ಬಿಡುವುದಿಲ್ಲ. 401ಕೆ ಎಂಬ, ಕಂಪನಿಯ ಮೂಲಕ ನಡೆಯುವ ನಿವೃತ್ತಿ ಉಳಿತಾಯ ಖಾತೆಯಿಂದ ತೆಗೆದ ಹಣವನ್ನು ಕ್ಯಾಲಿಫೋರ್ನಿಯಾ ಸಂಬಳದಂತೆಯೇ ಎಣಿಸುತ್ತದೆ. ಟೆಕ್ಸಾಸ್‌ನಲ್ಲಿ ವೈಯಕ್ತಿಕ ಆದಾಯ ತೆರಿಗೆಯೇ ಇಲ್ಲ. ದುಡಿದದ್ದು ಕ್ಯಾಲಿಫೋರ್ನಿಯಾದಲ್ಲಿ ಎಂಬ ನೆಪದಲ್ಲಿ ಹಳೆಯ ರಾಜ್ಯ ಈ ನಿವೃತ್ತಿ ಹಣದಲ್ಲಿ ಪಾಲು ಕೇಳುವಂತಿಲ್ಲ, 1996ರ ಕೇಂದ್ರ ಕಾಯ್ದೆ ಅದನ್ನು ತಡೆದಿದೆ. ಆದರೆ ಕಂಪನಿ ಕೊಟ್ಟ ಷೇರುಗಳಿಗೆ ಈ ರಕ್ಷಣೆ ಇದೆ ಎಂದುಕೊಳ್ಳಬೇಡಿ. ಅಲ್ಲಿ ಮಾಡಿದ ಕೆಲಸಕ್ಕೆ ಸಿಕ್ಕ ಭಾಗಕ್ಕೆ ಕ್ಯಾಲಿಫೋರ್ನಿಯಾ ತೆರಿಗೆ ಹಾಕುತ್ತದೆ. ನಮ್ಮ ಸಾಫ್ಟ್‌ವೇರ್ ಮಂದಿ ಎಡವುವುದು ಇಲ್ಲಿಯೇ.

ನಿಮ್ಮ ಆದಾಯ ಮುಖ್ಯವಾಗಿ ಸೋಷಿಯಲ್ ಸೆಕ್ಯುರಿಟಿ, ಅಂದರೆ ಕೇಂದ್ರ ಸರ್ಕಾರದ ಪಿಂಚಣಿಯಾದರೆ ಊರು ಬಿಟ್ಟು ದೊಡ್ಡ ಲಾಭವಿಲ್ಲ, ಅದಕ್ಕೆ ಕ್ಯಾಲಿಫೋರ್ನಿಯಾವೂ ತೆರಿಗೆ ಹಾಕುವುದಿಲ್ಲ. ಮನೆಯ ಲೆಕ್ಕವನ್ನೂ ಹಾಕಿ. 1978ರ ಪ್ರೊಪೊಸಿಷನ್ 13 ಎಂಬ ಕ್ಯಾಲಿಫೋರ್ನಿಯಾದ ಕಾನೂನಿನ ಪ್ರಕಾರ, ಅಲ್ಲಿನ ಹಳೆಯ ಮನೆಯ ತೆರಿಗೆ ಮೌಲ್ಯ ವರ್ಷಕ್ಕೆ ಸಾಮಾನ್ಯವಾಗಿ ಶೇ. 2ಕ್ಕಿಂತ ಹೆಚ್ಚು ಏರುವುದಿಲ್ಲ. ಟೆಕ್ಸಾಸ್‌ನ ಆಸ್ತಿ ತೆರಿಗೆಯಾದರೋ ಕೈ ಸುಡುವಂಥದ್ದು, 65 ದಾಟಿದವರಿಗೆ ಶಾಲಾ ತೆರಿಗೆಯಲ್ಲಿ ಒಂದಿಷ್ಟು ರಿಯಾಯಿತಿ ಇದ್ದರೂ.

ಹೋಗುವುದು ಖಚಿತವಾದರೆ, ರಾಥ್ ಖಾತೆಗೆ (ವರ್ಗಾಯಿಸುವಾಗಲೇ ತೆರಿಗೆ ಕಟ್ಟಿ, ಮುಂದೆ ತೆರಿಗೆಯಿಲ್ಲದೆ ತೆಗೆಯುವ ನಿವೃತ್ತಿ ಖಾತೆ) ಹಣ ವರ್ಗಾಯಿಸುವ ಕೆಲಸವನ್ನು ಟೆಕ್ಸಾಸ್‌ನಲ್ಲಿ ನೆಲೆಸಿದ ಮೇಲೆಯೇ ಇಟ್ಟುಕೊಳ್ಳಿ.