ಓದುಗರ ಪ್ರಶ್ನೆ: ಹೊಳೆಗೆ ಬೆನ್ನು ಹಾಕಿ ಕೂತಿದ್ದ ಡ್ರಾಮೆನ್

ಪ್ರಶ್ನೆ: ಸರ್, ಫುಟ್‌ಬಾಲ್ ಆಟಗಾರ ಮಾರ್ಟಿನ್ ಓಡೆಗಾರ್ಡ್ ಹುಟ್ಟಿದ್ದು ನಾರ್ವೆಯ ಡ್ರಾಮೆನ್‌ನಲ್ಲಂತೆ, ಅದನ್ನ ಅಲ್ಲಿಯವ್ರು ನದಿ ಊರು ಅಂತಾನೇ ಕರೀತಾರಂತೆ. ನಾರ್ವೆ ಅಂದ್ರೆ ನಮಗೆ ಹಿಮ, ಫ್ಯೋರ್ಡ್ ಇಷ್ಟೇ ಗೊತ್ತಿರೋದು. ಈ ಊರಿನ ಕಥೆ ಸ್ವಲ್ಪ ಹೇಳ್ತೀರಾ?

ಉತ್ತರ: ಹೌದು, ಅವರು ಅಲ್ಲೇ ಹುಟ್ಟಿದ್ದು, ಅದೇ ಊರಿನ ಸ್ಟ್ರೋಮ್ಸ್‌ಗೋಡ್ಸೆಟ್ ಕ್ಲಬ್ ಪರ 2014ರಲ್ಲಿ ಇನ್ನೂ 15 ವರ್ಷದ ಹುಡುಗ ಆಗಿದ್ದಾಗಲೇ ಲೀಗ್‌ನಲ್ಲಿ ಆಡಿದ್ರು. ಊರು ಓಸ್ಲೋದಿಂದ ನೈಋತ್ಯಕ್ಕೆ ಸುಮಾರು 40 ಕಿಲೋಮೀಟರ್. ಡ್ರಾಮೆನ್ ನದಿ ಬಂದು ಫ್ಯೋರ್ಡ್‌ಗೆ, ಅಂದ್ರೆ ಗುಡ್ಡಗಳ ಮಧ್ಯೆ ಒಳನಾಡಿಗೆ ಚಾಚ್ಕೊಂಡಿರೋ ಸಮುದ್ರಕ್ಕೆ, ಸೇರೋ ಜಾಗ. ಈಗ ಕೇಳಿದ್ರೆ ಒಂದೇ ಊರು, ಆದ್ರೆ ಮೊದಲು ಹಂಗಿರ್ಲಿಲ್ಲ, ನದಿಯ ಉತ್ತರದ ದಡದಲ್ಲಿ ಬ್ರಾಗೆರ್ನೆಸ್, ದಕ್ಷಿಣದಲ್ಲಿ ಸ್ಟ್ರೋಮ್ಸೋ ಅಂತ ಎರಡು ಬೇರೆ ಬೇರೆ ಪಟ್ಟಣ, ಎರಡೂ ಮರದ ವ್ಯಾಪಾರ ಮಾಡ್ಕೊಂಡು ಎದುರುಬದುರು ಕೂತಿದ್ವು. 1811ರಲ್ಲಿ, ನಾರ್ವೆ ಇನ್ನೂ ಡೆನ್ಮಾರ್ಕ್ ರಾಜರ ಕೈಕೆಳಗೆ ಇದ್ದಾಗ, ಎರಡನ್ನೂ ಸೇರಿಸಿ ಡ್ರಾಮೆನ್ ಅಂತ ಮಾಡಿದ್ರು.

ಊರನ್ನ ಬೆಳೆಸಿದ್ದು ಮರ. ಒಳನಾಡಿನ ಕಾಡಲ್ಲಿ ಕಡಿದ ದಿಮ್ಮಿಗಳನ್ನ ನೀರಿಗೆ ಬಿಟ್ರೆ ಸಾಕು, ಹೊಳೇನೇ ಸಾಗಿಸ್ಕೊಂಡು ಬರೋದು, ನೀರಿನ ಶಕ್ತಿಯಿಂದ ನಡೆಯೋ ಗರಗಸದ ಮಿಲ್ಲುಗಳಲ್ಲಿ ಹಲಗೆ ಆಗೋದು, ಆಮೇಲೆ ಹಡಗು ಹತ್ತಿ ಹಾಲೆಂಡ್‌ಗೆ, ಇಂಗ್ಲೆಂಡ್‌ಗೆ ಹೋಗೋದು. 1666ರಲ್ಲಿ ಲಂಡನ್ ಸುಟ್ಟಾಗ ಅದನ್ನ ಮತ್ತೆ ಕಟ್ಟೋಕೆ ಮರ ಬೇಕಿತ್ತಲ್ಲ, ಆವಾಗ ನಾರ್ವೆಯವ್ರು ಲಂಡನ್ ಬೆಂಕಿಯಲ್ಲಿ ಚೆನ್ನಾಗಿ ಮೈ ಕಾಯಿಸ್ಕೊಂಡ್ರು ಅನ್ನೋ ಮಾತು ಅಲ್ಲಿ ಇವತ್ತಿಗೂ ಇದೆ. ಅಂಥದೇ ಬೆಂಕಿ ಮುಂದೆ ಇವರ ಮನೆಗೂ ಬಂತು ನೋಡಿ: 1866ರ ಜುಲೈನಲ್ಲಿ ಬ್ರಾಗೆರ್ನೆಸ್‌ನ ದೊಡ್ಡ ಭಾಗ ಸುಟ್ಟುಹೋಯ್ತು, ಮರದ ವ್ಯಾಪಾರದ ಊರು, ಮನೆಗಳೂ ಮರದ್ದೇ. ಇವತ್ತು ಅಲ್ಲಿರೋ ಅಗಲವಾದ ಚೌಕ, ಅದರ ಮೇಲ್ತುದಿಯಲ್ಲಿ 1871ರಲ್ಲಿ ಕಟ್ಟಿದ ಕೆಂಪು ಇಟ್ಟಿಗೆ ಚರ್ಚು, ಎಲ್ಲ ಬೆಂಕಿ ಆದಮೇಲಿನ ಹೊಸ ಪ್ಲಾನ್‌ನವು.

ಪ್ರಶ್ನೆ: ಊರಿಗೆ ಒಂದು ಕಾಲದಲ್ಲಿ ಕೆಟ್ಟ ಹೆಸರಿತ್ತು ಅಂತ ಓದಿದೆ, ನಿಜಾನಾ?

ಉತ್ತರ: ನಿಜ. ಮರದ ಹಿಂದೆ ಕಾಗದದ ಕಾರ್ಖಾನೆಗಳು ಬಂದ್ವು, ಅವುಗಳ ಹೊಲಸು, ಊರಿನ ಚರಂಡಿ ನೀರು ಎಲ್ಲ ನದಿಗೇ. ಜನ ಹೊಳೆ ಕಡೆ ತಿರುಗಿ ನೋಡ್ತಾನೇ ಇರ್ಲಿಲ್ಲ, ದಡ ಅಂದ್ರೆ ಕಾರ್ಖಾನೆ, ಗೋದಾಮು ಇರೋ ಹಿತ್ತಲು. ಅದರ ಮೇಲೆ ಟ್ರಾಫಿಕ್ ಬೇರೆ, ಓಸ್ಲೋದಿಂದ ದಕ್ಷಿಣಕ್ಕೆ ಹೋಗೋ ಹೆದ್ದಾರಿಯಲ್ಲಿ ಇದು ಕಾರ್ ನಿಂತು ನಿಂತು ಹೋಗ್ಬೇಕಾದ ಊರು, ಹೊರಗಿನವ್ರಿಗೆ ಡ್ರಾಮೆನ್ ಅಂದ್ರೆ ಬೇಗ ದಾಟ್ಕೊಂಡು ಹೋಗ್ಬೇಕಾದ ಜಾಗ ಅಷ್ಟೇ. ನನ್ನ ಕೇಳಿದ್ರೆ ಊರಿನ ನಿಜವಾದ ಇತಿಹಾಸ ಇರೋದು ಇಲ್ಲಿ, ರಾಜರ ಆದೇಶಗಳಲ್ಲಿ ಅಲ್ಲ.

1980ರ ದಶಕದಿಂದ ನದಿ ಕ್ಲೀನ್ ಮಾಡೋಕೆ ಶುರು ಮಾಡಿದ್ರು, ಆಮೇಲೆ ದಡದ ಉದ್ದಕ್ಕೂ ಓಡಾಡೋಕೆ ದಾರಿ, ಪಾರ್ಕು. ಹಳೇ ಕಾಗದದ ಕಾರ್ಖಾನೆ ಇದ್ದ ಜಾಗದಲ್ಲಿ ಈಗ ಯೂನಿವರ್ಸಿಟಿ ಕ್ಯಾಂಪಸ್ಸು, ಲೈಬ್ರರಿ, ನಾಟಕ-ಸಂಗೀತದ ಹಾಲು ಇವೆ. 2008ರಲ್ಲಿ ಇಪ್ಸಿಲೋನ್ ಅಂತ ಒಂದು ಸೇತುವೆ ಕಟ್ಟಿದ್ರು, ವೈ ಆಕಾರದ್ದು, ನಡ್ಕೊಂಡು ಹೋಗೋರಿಗೆ, ಸೈಕಲ್‌ನವ್ರಿಗೆ ಮಾತ್ರ. ಕಾರುಗಳಿಂದ ಕೆಟ್ಟ ಹೆಸರು ತಗೊಂಡ ಊರು ಕಾರಿಗೆ ಜಾಗಾನೇ ಇಲ್ಲದ ಸೇತುವೆ ಕಟ್ಟಿದ್ದು ನನಗಂತೂ ಇಷ್ಟ ಆಯ್ತು. (ಹಾಗಂತ ಕಾರು ಬಿಟ್ಟಿಲ್ಲ, ನಾರ್ವೆಗೆ ಹಡಗಲ್ಲಿ ಬರೋ ಹೊಸ ಕಾರುಗಳು ಬಹಳಷ್ಟು ಇಳಿಯೋದು ಇದೇ ಊರಿನ ಬಂದರಲ್ಲಿ.)

ಇನ್ನೊಂದು ವಿಷಯ, ಫ್ಯೋರ್ಡ್‌ನ ಆಳದಿಂದ ಸುಮಾರು 8 ಡಿಗ್ರಿಯ ತಣ್ಣೀರು ಎತ್ತಿ, ಅಮೋನಿಯಾ ಬಳಸೋ ದೊಡ್ಡ ಹೀಟ್ ಪಂಪ್‌ಗಳಿಂದ ಅದರಲ್ಲಿರೋ ಶಾಖಾನ ಹೀರ್ಕೊಂಡು, ಬೇರೆ ಪೈಪಲ್ಲಿರೋ ನೀರನ್ನ 90 ಡಿಗ್ರಿವರೆಗೂ ಕಾಯಿಸಿ ಊರಿನ ಕಟ್ಟಡಗಳಿಗೆ ಕಳಿಸ್ತಾರೆ. ತಣ್ಣೀರಿಂದ ಬಿಸಿ ಹೆಂಗೆ ಅನ್ಬೇಡಿ, ನಿಮ್ಮನೆ ಫ್ರಿಜ್ಜು ಒಳಗಿನ ಶಾಖ ತೆಗ್ದು ಹಿಂದ್ಗಡೆ ಬಿಡುತ್ತಲ್ಲ, ಅದೇ ಕೆಲಸ.

ಪ್ರಶ್ನೆ: ನದಿ ಕ್ಲೀನ್ ಆಯ್ತು ಅಂದ್ರೆ ಮೀನು ವಾಪಸ್ ಬಂದಿರ್ಬೇಕಲ್ಲ?

ಉತ್ತರ: ಬಂದ್ವು, ಆದ್ರೆ ಅಲ್ಲೊಂದು ತೊಡಕು. ಇದು ಸಾಲ್ಮನ್ ನದಿ, ಸಾಲ್ಮನ್ ಅಂದ್ರೆ ನದಿಯಲ್ಲಿ ಹುಟ್ಟಿ ಸಮುದ್ರಕ್ಕೆ ಹೋಗೋ ಮೀನು. ಅರ್ಧ ಮಿಲಿಮೀಟರ್‌ನಷ್ಟಿರೋ ಗೈರೋಡ್ಯಾಕ್ಟೈಲಸ್ ಅನ್ನೋ ಪರಾವಲಂಬಿ 1987ರಲ್ಲಿ ಇಲ್ಲಿ ಕಾಣಿಸ್ಕೊಂಡ್ತು. ಅದು ಮರಿ ಸಾಲ್ಮನ್‌ಗಳ ಚರ್ಮಕ್ಕೆ ಕಚ್ಕೊಂಡು ತಿನ್ನುತ್ತೆ, ಮರಿಗಳು ಸಮುದ್ರ ಮುಟ್ಟೋ ಮೊದಲೇ ಸತ್ತುಹೋಗ್ತವೆ. ಉಪ್ಪುನೀರಲ್ಲಿ ಈ ಹುಳ ಬದುಕಲ್ಲ, ಅದಕ್ಕೇ ಕಷ್ಟ ಎಲ್ಲ ಸಿಹಿನೀರಿನ ನದಿಯಲ್ಲೇ. ನೀರು ತಿಳಿಯಾದ್ರೂ ಇದು ಹೋಗಲ್ಲ, ಇದಕ್ಕೆ ನದಿಗೇ ಔಷಧಿ ಹಾಕ್ಬೇಕು, ಇಷ್ಟು ದೊಡ್ಡ ನದಿಗೆ ಅದು ಸಣ್ಣ ಕೆಲಸ ಅಲ್ಲ.

ಪ್ರಶ್ನೆ: ಒಂದೇ ದಿನ ಇದ್ರೆ ಏನು ನೋಡ್ಬೇಕು?

ಉತ್ತರ: ಸ್ಪಿರಾಲೆನ್ ಅನ್ನೋ ಸುರಂಗ ರಸ್ತೆ ಬಿಡ್ಬೇಡಿ. ಊರಿಗೆ ಕಟ್ಟಡದ ಕಲ್ಲು ಬೇಕಿತ್ತು, ಗುಡ್ಡವನ್ನ ಹೊರಗಿಂದ ಕಡಿದ್ರೆ ವಿಕಾರವಾಗಿ ಕಾಣುತ್ತೆ ಅಂತ ಒಳಗಿಂದಾನೇ ಕಡಿದ್ರು, ಕಡಿದ ಜಾಗ ಸುರುಳಿ ಸುರಂಗ ಆಯ್ತು. 1961ರಲ್ಲಿ ತೆರೆದ್ರು. ಸುಮಾರು 1650 ಮೀಟರ್ ಉದ್ದ, ಕಾರು ಆರು ಸುತ್ತು ಸುತ್ತಿ ಗುಡ್ಡದ ನೆತ್ತಿಗೆ ಬರುತ್ತೆ, ತಲೆ ಸ್ವಲ್ಪ ತಿರುಗೋದು ಖಂಡಿತ. ಮೇಲಿಂದ ಎರಡೂ ದಡ, ಮಧ್ಯೆ ನದಿ, ಆಚೆ ಫ್ಯೋರ್ಡ್ ಎಲ್ಲ ಒಟ್ಟಿಗೆ ಕಾಣುತ್ತೆ. ಕೆಳಗೆ ಬಂದು ಔಸ್ ಬ್ರೂವರಿ ಹತ್ರ ಹೋಗಿ, 1834ರಿಂದ ಇದೆ, ನಾರ್ವೆಯಲ್ಲೇ ಹಳೇದು. ಚಳಿಗಾಲಕ್ಕೆ ಹೋಗೋದಾದ್ರೆ ಸ್ಕೀ ವಿಶ್ವಕಪ್ ಸ್ಪ್ರಿಂಟ್ ಯಾವಾಗ ಅಂತ ಮೊದಲೇ ನೋಡ್ಕೊಂಡು ಟಿಕೆಟ್ ಮಾಡಿ, ಆ ರೇಸ್‌ಗೆ ಊರ ಮಧ್ಯದ ಚೌಕಕ್ಕೇ ಹಿಮ ತಂದು ಸುರಿದು, ಚರ್ಚ್ ಮುಂದೆ ಟ್ರ್ಯಾಕ್ ಮಾಡ್ತಾರೆ.