ಐದಕ್ಷರ, ಕೊನೆಗೆ ವೈ: ನಿಮ್ಮ ಪದಪಟ್ಟಿ ತಿದ್ದುಪಡಿಗೆ ಬರುತ್ತಿದೆ

ನಮಸ್ಕಾರ.

ವೈ ಅಕ್ಷರದಲ್ಲಿ ಮುಗಿಯುವ ಐದಕ್ಷರದ ಇಂಗ್ಲಿಷ್ ಪದಗಳನ್ನು ಕುರಿತ ನಿಮ್ಮ ಬರಹ ಓದಿದೆವು. ಪುಟ್ಟ ಪೀಠಿಕೆ, ಆಮೇಲೆ ಇಂಗ್ಲಿಷ್ ಅಕಾರಾದಿಯಲ್ಲಿ ಉದ್ದದ ಪಟ್ಟಿ, ಕೊನೆಗೆ ಒಂದಷ್ಟು ಪದಗುಚ್ಛ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ಕೈಬಿಡುವಂಥದ್ದಲ್ಲ. ಪದಬಂಧ ಬಿಡಿಸುವವರಿಗೆ, ಐದಕ್ಷರದ ಗುಟ್ಟಿನ ಪದವನ್ನು ಆರು ಸಾಲುಗಳಲ್ಲಿ ಊಹಿಸುವ ವರ್ಡಲ್ ಮತ್ತು ಅಕ್ಷರದ ಬಿಲ್ಲೆಗಳಿಂದ ಪದ ಕಟ್ಟುವ ಸ್ಕ್ರ್ಯಾಬಲ್ ಆಡುವವರಿಗೆ, ಸ್ಪೆಲಿಂಗ್ ಕಲಿಯುವ ಮಕ್ಕಳಿಗೆ ಕನ್ನಡದಲ್ಲಿ ಇಂಥದ್ದು ಬೇಕೇ ಬೇಕು. ಅದಕ್ಕೇ ಬರೀ ‘ಸ್ವೀಕೃತವಾಗಿಲ್ಲ’ ಎಂದು ಮುಗಿಸದೆ ವಿವರವಾಗಿ ಬರೆಯುತ್ತಿದ್ದೇವೆ.

ಪೀಠಿಕೆಯಲ್ಲಿ ಒಂದು ಮಾತು ತಪ್ಪಿದೆ. ಇಂಗ್ಲಿಷಿನ ಹೆಚ್ಚಿನ ಪದಗಳು ವೈಯಲ್ಲೇ ಮುಗಿಯುತ್ತವೆ ಎಂದಿದ್ದೀರಿ. ಸಾಮಾನ್ಯ ಇಂಗ್ಲಿಷ್ ಬರವಣಿಗೆಯಲ್ಲಿ ಪದದ ಕೊನೆಗೆ ಅತಿ ಹೆಚ್ಚು ಬರುವುದು ಇ ಅಕ್ಷರ. ಬಹುವಚನಗಳನ್ನೂ ಸೇರಿಸಿದ ಆಟದ ಪದಪಟ್ಟಿ ತೆಗೆದುಕೊಂಡರೆ ಎಸ್ ಮುಂದಿರುತ್ತದೆ. ವರ್ಡಲ್‌ನ ಮೊದಲ ಉತ್ತರಪಟ್ಟಿಯಲ್ಲಿ ಸುಮಾರು 2,300 ಪದಗಳಿದ್ದವು, ಎಸ್ ಹಚ್ಚಿದ ಮಾಮೂಲಿ ಬಹುವಚನಗಳನ್ನು ಅದರಿಂದ ಹೊರಗಿಟ್ಟಿದ್ದರು. ಅಲ್ಲೂ ಇ ಮೊದಲು, ವೈ ಎರಡನೆಯದು. ಎರಡನೆಯ ಸ್ಥಾನವೇ ಸಾಕಷ್ಟು ದೊಡ್ಡದು, ಅಷ್ಟನ್ನೇ ಹೇಳಿ.

ದೊಡ್ಡ ತೊಂದರೆ ಪಟ್ಟಿಯಲ್ಲಿದೆ. ನೀವು ಪದಗಳನ್ನು ಕಿವಿಯಿಂದ ಆರಿಸಿದ್ದೀರಿ. ನುಡಿದಂತೆ ಬರೆಯುವ ನಮಗೆ ಅದು ಸಹಜ, ಆದರೆ ಇಂಗ್ಲಿಷಿನಲ್ಲಿ ಕೊನೆಯ ದನಿಗೂ ಕೊನೆಯ ಅಕ್ಷರಕ್ಕೂ ನಂಟು ಸಡಿಲ. ‘ಮೂವಿ’, ‘ಜೀನಿ’ ಎರಡಕ್ಕೂ ಐದೇ ಅಕ್ಷರ, ನಿಜ. ಆದರೆ ಅವು ಮುಗಿಯುವುದು ಐ-ಇ ಎಂದು. ‘ಕಾಫಿ’ಗೆ ಆರಕ್ಷರ, ಕೊನೆಗೆ ಎರಡು ಇ. ‘ಟ್ಯಾಕ್ಸಿ’ಗೆ ನಾಲ್ಕು, ಕೊನೆಗೆ ಐ. ‘ಹಾಕಿ’ಯ ಕೊನೆಗೆ ವೈ ಇದೆ, ಅಕ್ಷರ ಮಾತ್ರ ಆರು. ಇತ್ತ ಪಟ್ಟಿಯಲ್ಲಿ ಇರಲೇಬೇಕಾದ ‘ರಿಪ್ಲೈ’, ‘ಅಪ್ಲೈ’, ‘ಟುಡೇ’, ‘ಎಂಜಾಯ್’ ಬಿಟ್ಟುಹೋಗಿವೆ. ‘ಹ್ಯಾಪಿ’ಯ ಕೊನೆಯ ದನಿ ಅವುಗಳಲ್ಲಿ ಕೇಳಿಸದಿರುವುದೇ ಕಾರಣ. ಮುಂದೆ ಎಚ್ ಅಕ್ಷರದಲ್ಲಿ ಮುಗಿಯುವ ಪದಗಳ ಪಟ್ಟಿ ಕಳಿಸುವುದಾಗಿಯೂ ಬರೆದಿದ್ದೀರಿ. ಅಲ್ಲಿ ಕಿವಿ ಪೂರ್ತಿ ಕೈಕೊಡುತ್ತದೆ. ಒರಟು ಎನ್ನುವ ‘ರಫ್’, ಕೆಮ್ಮು ಎನ್ನುವ ‘ಕಾಫ್’, ನಾದಿದ ಹಿಟ್ಟು ಎನ್ನುವ ‘ಡೋ’, ಮರದ ಕೊಂಬೆ ಎನ್ನುವ ‘ಬೌ’, ಈ ನಾಲ್ಕೂ ಐದಕ್ಷರದವು, ನಾಲ್ಕೂ ಒ-ಯು-ಜಿ-ಎಚ್ ಎಂದು ಮುಗಿಯುತ್ತವೆ, ನಾಲ್ಕರ ಉಚ್ಚಾರವೂ ಬೇರೆ.

ಬರೀ ಕನ್ನಡ ಲಿಪಿಯಲ್ಲಿ ಪದ ಕೊಟ್ಟರೆ ಇನ್ನೊಂದು ಅಪಾಯವಿದೆ. ನಿಮ್ಮ ಪಟ್ಟಿಯಲ್ಲಿ ‘ಡೈರಿ’ ಎರಡು ಸಲ ಬಂದಿದೆ, ಎರಡಕ್ಕೂ ‘ದಿನಚರಿ’ ಎಂಬ ಅರ್ಥವೇ ಇದೆ. ಡಿ-ಐ-ಎ-ಆರ್-ವೈ ದಿನಚರಿ. ಡಿ-ಎ-ಐ-ಆರ್-ವೈ ಹಾಲಿನ ಡೈರಿ. ಅವೇ ಐದು ಅಕ್ಷರ, ನಡುವಿನ ಎರಡು ಅದಲುಬದಲು, ಅಷ್ಟೇ. ಆದ್ದರಿಂದ ಪ್ರತಿ ಪದದ ಪಕ್ಕ ಸ್ಪೆಲಿಂಗ್ ಬಿಡಿಸಿ ಬರೆಯಿರಿ. ಹಾಗೆ ಬರೆಯುವಾಗ ಎಣಿಕೆಯ ತಪ್ಪುಗಳೂ ತಾವಾಗಿ ಸಿಕ್ಕಿಬೀಳುತ್ತವೆ. ‘ಟ್ರೂಲಿ’ಗೆ ಆರಕ್ಷರವೆಂದು ಅದನ್ನು ಕೈಬಿಟ್ಟಿದ್ದೀರಿ, ಆದರೆ ‘ಟ್ರೂ’ ಪದದ ಕೊನೆಯ ಇ ಅಲ್ಲಿ ಬಿದ್ದುಹೋಗಿ ಟಿ-ಆರ್-ಯು-ಎಲ್-ವೈ ಉಳಿಯುತ್ತದೆ. ‘ಫಾರ್ಟಿ’ಯದೂ ಇದೇ ಕಥೆ. ‘ಫೋರ್’ನಲ್ಲಿರುವ ಯು ಅದರಲ್ಲಿಲ್ಲ.

ಈಗ ನಮಗೆ ನಿಜಕ್ಕೂ ಬೇಸರ ತಂದ ಸಂಗತಿ. ಈ ಪಟ್ಟಿಯೊಳಗೆ ಒಂದು ಸೊಗಸಾದ ವಿಚಾರ ಅಡಗಿದೆ, ಅಕಾರಾದಿ ಅದನ್ನು ಮುಚ್ಚಿಹಾಕಿದೆ. ನಾಮಪದಕ್ಕೆ ವೈ ಹಚ್ಚಿ ಗುಣವಾಚಕ ಮಾಡುವಾಗ ಐದಕ್ಷರ ತಲುಪಲು ಮೂರು ದಾರಿಗಳಿವೆ. ‘ರೇನ್’, ‘ಸಾಲ್ಟ್’, ‘ಡಸ್ಟ್’, ‘ಲಕ್’ ನಾಲ್ಕಕ್ಷರದವು, ವೈ ಹಚ್ಚಿದರೆ ‘ರೇನಿ’, ‘ಸಾಲ್ಟಿ’, ‘ಡಸ್ಟಿ’, ‘ಲಕ್ಕಿ’. ‘ಫನ್’, ‘ಸನ್’, ‘ಮಡ್’, ‘ಫಾಗ್’ ಮೂರಕ್ಷರದವು. ಒಂದೇ ಹ್ರಸ್ವ ಸ್ವರ, ಅದರ ಮುಂದೆ ಒಂದೇ ವ್ಯಂಜನ ಇರುವುದರಿಂದ ಆ ವ್ಯಂಜನ ಇಮ್ಮಡಿಯಾಗಿ ‘ಫನ್ನಿ’, ‘ಸನ್ನಿ’, ‘ಮಡ್ಡಿ’, ‘ಫಾಗಿ’. ‘ಸ್ಪೈಸ್’, ‘ಜ್ಯೂಸ್’, ‘ನಾಯ್ಸ್’, ‘ಶೈನ್’ ಮೊದಲೇ ಐದಕ್ಷರದವು. ಕೊನೆಯ ಇ ಬಿದ್ದು ಆ ಜಾಗಕ್ಕೆ ವೈ ಬರುತ್ತದೆ, ಒಟ್ಟು ಐದೇ ಉಳಿಯುತ್ತದೆ. ವರ್ಡಲ್ ಆಡುವವರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಕೊನೆಗೆ ವೈ ಖಚಿತವಾಯಿತು, ಮೂರನೆಯ ಜಾಗದಲ್ಲಿ ಎನ್ ಇದೆ ಎಂದರೆ ನಾಲ್ಕನೆಯದೂ ಎನ್ ಇರಬಹುದೇ ಎಂದು ಮೊದಲು ನೋಡಬೇಕು. ಒಂದು ಅಕ್ಷರ ಎರಡು ಸಲ ಬರಬಹುದೆಂಬುದನ್ನೇ ಮರೆತು ಸಾಲುಗಳನ್ನು ಕಳೆದುಕೊಳ್ಳುವವರು ಬಹಳ. ನಿಮ್ಮ ಬರಹದ ಜೀವ ಇರಬೇಕಾದದ್ದು ಇಲ್ಲಿ.

ಹಾಗಾಗಿ ಪಟ್ಟಿಯನ್ನು ಕೊನೆಯಿಂದ ಹಿಂದಕ್ಕೆ ಜೋಡಿಸಿ. ಈ ಕ್ರಮ ಹೊಸದೇನಲ್ಲ, 1775ರಲ್ಲೇ ಜಾನ್ ವಾಕರ್ ಇಂಗ್ಲಿಷಿಗೆ ಇಂಥ ನಿಘಂಟು ತಂದಿದ್ದರು. ಎಕ್ಸೆಲ್‌ನಲ್ಲಿ ಪದದ ಪಕ್ಕದ ಕಾಲಮ್ಮಿಗೆ ರೈಟ್ ಸೂತ್ರ ಹಾಕಿ ಕೊನೆಯ ಎರಡು ಅಕ್ಷರಗಳನ್ನಷ್ಟೇ ಅಲ್ಲಿಗೆ ತಂದು, ಅದರ ಮೇಲೆ ಸಾರ್ಟ್ ಮಾಡಿದರೆ ಗುಂಪುಗಳು ತಾವೇ ಬೀಳುತ್ತವೆ. ಎ-ವೈ, ಇ-ವೈ, ಒ-ವೈ ಗುಂಪಿನ ‘ಎಸ್ಸೇ’, ಕ್ರೈಸ್ತ ಮಠ ಎನ್ನುವ ‘ಆ್ಯಬಿ’, ‘ಡಿಕಾಯ್’ ಪದಗಳ ಬಹುವಚನಕ್ಕೆ ಎಸ್ ಹಚ್ಚಿದರೆ ಸಾಕು. ವೈ ಹಿಂದೆ ವ್ಯಂಜನವಿರುವ ‘ಸ್ಟೋರಿ’, ‘ಪಾರ್ಟಿ’ಗಳಲ್ಲಿ ವೈ ಹೋಗಿ ಐ-ಇ-ಎಸ್ ಬರುತ್ತದೆ. ಗುಂಪಿನ ಪಕ್ಕ ಈ ಒಂದು ಸಾಲು ಬರೆದರೆ ಶಾಲೆಯ ಮಕ್ಕಳಿಗೂ ದಕ್ಕುತ್ತದೆ. ನಾಚಿಕೆಯಿಂದ ಎನ್ನುವ ‘ಶೈಲಿ’, ಜೊತೆಗೆ ‘ಸ್ಲೈಲಿ’, ‘ಡ್ರೈಲಿ’ ಎಂಬ ಮೂರಕ್ಕೆ ಬೇರೆಯೇ ಸಾಲು ಕೊಡಿ. ಎ, ಇ, ಐ, ಒ, ಯು ಒಂದೂ ಇಲ್ಲದೆ ವೈ ಒಂದರಿಂದಲೇ ನಡೆಯುವ ಪದಗಳು ಅವು.

ಪದಗುಚ್ಛಗಳ ಭಾಗದಲ್ಲಿ ಎಣಿಕೆಯ ನಿಯಮವೇ ಇಲ್ಲ. ‘ಬೈ ದ ವೇ’, ‘ಡೇ ಬೈ ಡೇ’, ‘ಎವೆರಿ ಡೇ’, ‘ರೇನಿ ಡೇ’, ‘ಮಿಲ್ಕಿ ವೇ’, ಐದಕ್ಕೂ ತಲಾ ಎಂಟಕ್ಷರ, ಐದರ ಕೊನೆಗೂ ವೈ. ನೀವು ಮೊದಲೆರಡನ್ನು ಹತ್ತರ ಗುಂಪಿಗೆ, ಉಳಿದ ಮೂರನ್ನು ಒಂಬತ್ತರ ಗುಂಪಿಗೆ ಹಾಕಿದ್ದೀರಿ. ಅಕ್ಷರ ಎಣಿಸುವ ಎಕ್ಸೆಲ್‌ನ ಲೆನ್ ಸೂತ್ರ ಖಾಲಿ ಜಾಗವನ್ನೂ ಒಂದು ಅಕ್ಷರವೆಂದು ಎಣಿಸುತ್ತದೆ, ಅದರ ಫಲ ಇದು. ಸಬ್‌ಸ್ಟಿಟ್ಯೂಟ್ ಸೂತ್ರದಿಂದ ಖಾಲಿ ಜಾಗ ತೆಗೆದು ಆಮೇಲೆ ಎಣಿಸಿ. ಪದಬಂಧದ ವಾಡಿಕೆಯಂತೆ ಪಕ್ಕದಲ್ಲಿ 2,3,3 ಅಥವಾ 5,3 ಎಂದು ಭಾಗ ತೋರಿಸಿ. ಪದದ ಕೊನೆಗೆ ಕಾಣದೆ ಉಳಿದ ಖಾಲಿ ಜಾಗವೂ ಹೀಗೇ ಕಾಡುತ್ತದೆ. ಎಲ್ಲಿಂದಲೋ ನಕಲು ಮಾಡಿ ಅಂಟಿಸಿದ ‘ಹ್ಯಾಪಿ’ಗೆ ಆರಕ್ಷರ ಬಂದರೆ ಕಾರಣ ಅದೇ. ಟ್ರಿಮ್ ಸೂತ್ರಕ್ಕೂ ಅದು ಹೋಗದಿದ್ದರೆ ಕೈಯಿಂದ ಅಳಿಸಿ ಮತ್ತೆ ಟೈಪ್ ಮಾಡಿ.

ಬ್ರಿಟಿಷ್ ಸ್ಪೆಲಿಂಗೋ ಅಮೆರಿಕದ್ದೋ, ಮೊದಲೇ ಹೇಳಿಬಿಡಿ. ಮಹಡಿ ಎಂಬ ಅರ್ಥದ ‘ಸ್ಟೋರಿ’ಗೆ ಬ್ರಿಟನ್ನಿನಲ್ಲಿ ಆರಕ್ಷರ, ಅಮೆರಿಕದಲ್ಲಿ ಐದು. ‘ಮೀಟರ್’, ‘ಫೈಬರ್’ ಎರಡೂ ಕಡೆ ಐದಕ್ಷರವೇ, ಕೊನೆಯ ಅಕ್ಷರ ಮಾತ್ರ ಒಂದು ಕಡೆ ಇ, ಇನ್ನೊಂದು ಕಡೆ ಆರ್. ‘ಇಟಲಿ’, ‘ಎಮಿಲಿ’ಯಂಥ ಅಂಕಿತನಾಮ ತೆಗೆಯಿರಿ, ಸ್ಕ್ರ್ಯಾಬಲ್‌ನಲ್ಲಿ ಅವು ನಡೆಯುವುದಿಲ್ಲ. ಅರ್ಥ ಬರೆಯಲಾಗದೆ ನೀವೇ ಖಾಲಿ ಬಿಟ್ಟಿರುವ ಪದಗಳೆಲ್ಲವೂ ಹೋಗಲಿ.

ತಿದ್ದಿದ ಪ್ರತಿಯಲ್ಲಿ ಐವತ್ತು ಪದ ಸಾಕು. ಪ್ರತಿಯೊಂದಕ್ಕೂ ಬಿಡಿಸಿದ ಸ್ಪೆಲಿಂಗ್, ಒಂದು ಸಾಲಿನ ಕನ್ನಡ ಅರ್ಥ ಇರಲಿ. ಮೂರು ದಾರಿಗಳ ಭಾಗ ಮೊದಲು ಬರಲಿ, ಪದಗುಚ್ಛ ಕೊನೆಗೆ. ನಿಮ್ಮ ಎಕ್ಸೆಲ್ ಕಡತವನ್ನೂ ಜೊತೆಗೆ ಕಳಿಸಿ, ಎಣಿಕೆಯನ್ನು ನಾವೂ ಒಮ್ಮೆ ತಾಳೆ ನೋಡುತ್ತೇವೆ. ಎಚ್ ಪಟ್ಟಿ ಇದು ಅಚ್ಚಾದ ಮೇಲೆ.