ಹೆಚ್ಚು ಗೋಲು ಹೊಡೆಯದ ಕ್ಸಾವಿಯನ್ನು ಅಷ್ಟು ದೊಡ್ಡ ಆಟಗಾರ ಅನ್ನುವುದೇಕೆ?

ಗೋಲಿನ ಲೆಕ್ಕ ಹಿಡಿದು ಮಿಡ್‌ಫೀಲ್ಡರ್‌ನನ್ನು (ಮೈದಾನದ ನಡುವೆ ಆಡುವವನನ್ನು) ಅಳೆದರೆ ಸ್ಪೇನ್‌ನ ಫುಟ್‌ಬಾಲ್ ಆಟಗಾರ ಕ್ಸಾವಿ ಹೆರ್ನಾಂಡೆಜ್‌ಗೆ ಅನ್ಯಾಯವಾಗುತ್ತದೆ. ಅವನು ಕೊಟ್ಟ ಪಾಸ್ ನೋಡಬೇಕು.

1998ರಿಂದ 2015ರವರೆಗೆ ಬಾರ್ಸಿಲೋನಾ ಕ್ಲಬ್‌ನ ಮುಖ್ಯ ತಂಡದಲ್ಲಿದ್ದು 8 ಲಾ ಲಿಗಾ (ಸ್ಪೇನ್‌ನ ಲೀಗ್), 4 ಚಾಂಪಿಯನ್ಸ್ ಲೀಗ್ (ಯೂರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿ) ಗೆದ್ದ. ಸ್ಪೇನ್ ಪರ 133 ಪಂದ್ಯ. 2008ರ ಯೂರೋ (ಯೂರೋಪಿನ ದೇಶಗಳ ಟೂರ್ನಿ), 2010ರ ವಿಶ್ವಕಪ್, 2012ರ ಯೂರೋ ಮೂರರಲ್ಲೂ ಆಟ ಅವನ ಕಾಲಿನ ಮೂಲಕವೇ ಸಾಗಿತು. 2008ರಲ್ಲಿ ಟೂರ್ನಿಯ ಶ್ರೇಷ್ಠ ಆಟಗಾರನೂ ಅವನೇ. ಫೈನಲ್‌ನಲ್ಲಿ ಜೊತೆ ಆಟಗಾರ ಟೊರೆಸ್ ಹೊಡೆದ ಏಕೈಕ ಗೋಲಿಗೆ ಪಾಸ್ ಕೊಟ್ಟವನೂ ಅವನೇ. 2012ರ ಫೈನಲ್‌ನಲ್ಲಿ ಇಟಲಿ ವಿರುದ್ಧ ಇನ್ನೆರಡು ಗೋಲಿಗೆ ಪಾಸ್ ಕೊಟ್ಟ.

ಆದರೆ ನನಗೆ ಇದಕ್ಕಿಂತ ಮುಖ್ಯ ಅನಿಸೋದು ಅವನ ಕುತ್ತಿಗೆ. ಹಳೆಯ ಪಂದ್ಯ ಹಾಕಿಕೊಂಡು ಚೆಂಡನ್ನು ಬಿಟ್ಟು ಅವನೊಬ್ಬನನ್ನೇ ನೋಡಿ. ಚೆಂಡು ಬರುವ ಮೊದಲೇ ಎಡಕ್ಕೆ, ಬಲಕ್ಕೆ, ಹೆಗಲ ಹಿಂದಕ್ಕೆ ತಿರುಗಿ ನೋಡಿರುತ್ತಾನೆ. ಯಾರು ಎಲ್ಲಿದ್ದಾರೆ ಅಂತ ಗೊತ್ತಿರುವುದರಿಂದ ಒಂದೇ ಸ್ಪರ್ಶಕ್ಕೆ ಚೆಂಡು ಮುಂದೆ ಹೋಗುತ್ತದೆ. ಮೈಸೂರಿನಲ್ಲಿ ಭಾನುವಾರ ಬೆಳಗ್ಗೆ ನಾನು ಆಡಿಸುವ ಹುಡುಗರು ಚೆಂಡು ಕಾಲಿಗೆ ಬಂದಮೇಲೆ ತಲೆ ಎತ್ತುತ್ತಾರೆ, ಅಷ್ಟರಲ್ಲಿ ಎದುರಾಳಿ ಮೈಮೇಲೆ ಬಿದ್ದಿರುತ್ತಾನೆ. "ಮೊದಲು ನೋಡ್ಕೊಳ್ರೋ, ಆಮೇಲೆ ಚೆಂಡು ತಗೊಳ್ಳಿ" ಅಂತ ಅವರಿಗೆ ಪ್ರತಿ ಸಲ ಹೇಳ್ತೀನಿ.

2009, 2010, 2011 ಮೂರು ವರ್ಷವೂ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್‌ ಪ್ರಶಸ್ತಿಯಲ್ಲಿ ಅವನಿಗೆ ಮೂರನೇ ಸ್ಥಾನ. ಒಮ್ಮೆಯಾದರೂ ಮೊದಲನೆಯದು ಸಿಗಬೇಕಿತ್ತು. ಕೊನೆಗೆ ಕತಾರ್‌ನ ಅಲ್ ಸದ್ ಕ್ಲಬ್‌ಗೆ ಆಡಿ 2019ರಲ್ಲಿ ಬೂಟು ಬಿಚ್ಚಿದ.